ಹಳೆಯ ವಿಜ್ಞಾನ ಪತ್ರಿಕೆ ಕೊಳ್ಳುತ್ತೀರಾ? ಮೊದಲು ಪುಟ ಎಣಿಸಿ

ಎಪ್ಪತ್ತು ವರ್ಷ ಹಳೆಯ ಜನಪ್ರಿಯ ವಿಜ್ಞಾನ ಪತ್ರಿಕೆಯೊಂದು ಮಾರಾಟಕ್ಕಿದೆ. ಮುಖಪುಟದಲ್ಲಿ ಹಾರುವ ಕಾರು. ನೋಡಿದ ಕೂಡಲೇ ಕೈ ಜೇಬಿಗೆ ಹೋಗುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ.

ಒಳಗಿನ ಲೇಖನ ಓದುವುದಷ್ಟೇ ಆಸೆಯಾದರೆ ದುಡ್ಡು ಕೊಡುವ ಅಗತ್ಯವೇ ಇರಲಿಕ್ಕಿಲ್ಲ. 1872ರಲ್ಲಿ ಅಮೆರಿಕದಲ್ಲಿ ಶುರುವಾದ ‘ಪಾಪ್ಯುಲರ್ ಸೈನ್ಸ್’ನ ಹಳೆಯ ಸಂಚಿಕೆಗಳನ್ನು ಗೂಗಲ್ ಬುಕ್ಸ್‌ನಲ್ಲಿ ಪುಕ್ಕಟೆ ಓದಬಹುದು. ಸಂಗ್ರಹಕ್ಕೆಂದು ಕೊಳ್ಳುವವರು ಬೆಲೆ ಕೊಡುವುದು ಕಾಗದಕ್ಕೆ, ಶಾಯಿಗೆ, ಪಿನ್ನಿಗೆ. ಪರೀಕ್ಷಿಸಬೇಕಾದದ್ದೂ ಅವನ್ನೇ.

ಯಾವ ಸಂಚಿಕೆ?

ಮುಖಪುಟದ ತಿಂಗಳನ್ನು ನಂಬಿ ಸುಮ್ಮನಾಗಬೇಡಿ. ಒಳಪುಟದಲ್ಲಿ ಸಂಪುಟ ಮತ್ತು ಸಂಚಿಕೆಯ ಸಂಖ್ಯೆ ಇರುತ್ತದೆ. ಎರಡೂ ತಾಳೆಯಾಗಬೇಕು. ಹರಿದ ಪ್ರತಿಗೆ ಬೇರೆ ಸಂಚಿಕೆಯ ಮುಖಪುಟ ಸೇರಿಸಿಬಿಟ್ಟಿರಬಹುದು.

ಹೆಸರು ಒಂದೇ ಆದರೂ ಪತ್ರಿಕೆ ಒಂದೇ ಆಗಿರಬೇಕೆಂದಿಲ್ಲ. ‘ಪಾಪ್ಯುಲರ್ ಸೈನ್ಸ್’ ಮೊದಲು ವಿದ್ವಾಂಸರ ಉದ್ದುದ್ದ ಲೇಖನಗಳ ಪತ್ರಿಕೆಯಾಗಿತ್ತು. 1915ರಲ್ಲಿ ಹೆಸರು ಬೇರೆಯವರ ಕೈಸೇರಿತು. ಆಮೇಲೆ ಬಂದದ್ದು ಚಿತ್ರ, ಯಂತ್ರ, ಮನೆಯಲ್ಲೇ ಮಾಡಿ ನೋಡುವ ಕೆಲಸಗಳ ಪತ್ರಿಕೆ. 1845ರಲ್ಲಿ ಹುಟ್ಟಿದ ‘ಸೈಂಟಿಫಿಕ್ ಅಮೆರಿಕನ್’ ಮೊದಲಿಗೆ ನಾಲ್ಕು ಪುಟದ ವಾರಪತ್ರಿಕೆ. ಅದು ಮಾಸಿಕವಾದದ್ದು 1921ರಲ್ಲಿ.

ಹಳೆಯದಾದಷ್ಟೂ ಬೆಲೆ ಜಾಸ್ತಿ ಅಂತೇನಿಲ್ಲ. ‘ನ್ಯಾಷನಲ್ ಜಿಯಾಗ್ರಫಿಕ್’ ಅನ್ನು ಯಾರೂ ಎಸೆಯಲಿಲ್ಲ, ಹಾಗಾಗಿ ಹೆಚ್ಚಿನ ಸಂಚಿಕೆಗಳು ಇವತ್ತಿಗೂ ರಾಶಿ ರಾಶಿ ಸಿಗುತ್ತವೆ. ಎಲ್ಲರೂ ಎಸೆದದ್ದಕ್ಕೇ ಬೇಡಿಕೆ. 1965ರ ಏಪ್ರಿಲ್ 19ರ ‘ಎಲೆಕ್ಟ್ರಾನಿಕ್ಸ್’ ಪತ್ರಿಕೆಯನ್ನೇ ನೋಡಿ. ಅದು ಉದ್ಯಮದವರ ಪತ್ರಿಕೆ. ಎಲೆಕ್ಟ್ರಾನಿಕ್ ಚಿಪ್‌ನ ಮೇಲಿನ ಬಿಡಿಭಾಗಗಳು ವರ್ಷ ವರ್ಷ ಇಮ್ಮಡಿಯಾಗುತ್ತವೆ ಎಂದು, ಮುಂದೆ ಚಿಪ್ ಕಂಪನಿ ಇಂಟೆಲ್ ಕಟ್ಟಿದವರಲ್ಲಿ ಒಬ್ಬರಾದ ಗಾರ್ಡನ್ ಮೂರ್ ಬರೆದದ್ದು ಅದರಲ್ಲೇ. 2005ರಲ್ಲಿ ಇಂಟೆಲ್ ಒಂದು ಒಳ್ಳೆಯ ಪ್ರತಿಗೆ 10,000 ಡಾಲರ್ ಕೊಡುತ್ತೇನೆ ಅಂದಿತು. ಗ್ರಂಥಾಲಯಗಳಿಗೆ ಕಳ್ಳರ ಚಿಂತೆ ಹತ್ತಿತು. ಕೊನೆಗೆ ಸಿಕ್ಕಿದ್ದು ಬ್ರಿಟನ್ನಿನ ಎಂಜಿನಿಯರ್ ಒಬ್ಬರ ಮನೆಯಲ್ಲಿ, ನೆಲದ ಹಲಗೆಗಳ ಅಡಿಯಲ್ಲಿ!

ಈಗ ಎಣಿಕೆ

ಇದು ಬೇಜಾರಿನ ಕೆಲಸ. ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಒಂದೊಂದೇ ಹಾಳೆ ತಿರುಗಿಸಿ, ಪುಟಸಂಖ್ಯೆ ನೋಡುತ್ತ ಹೋಗಿ. ನಡುವೆ ಪಿನ್ ಹೊಡೆದ ಪತ್ರಿಕೆಯಲ್ಲಿ ಒಂದು ಹಾಳೆ ಅಂದರೆ ನಾಲ್ಕು ಪುಟ. ಮುಂದಿನ ಅರ್ಧದಲ್ಲಿ ಒಂದು ಎಲೆ ಹರಿದಿದ್ದರೆ ಹಿಂದಿನ ಅರ್ಧದಲ್ಲಿ ಅದರ ಜೋಡಿ ಸಡಿಲವಾಗಿರುತ್ತದೆ, ಇಲ್ಲವೇ ಬಿದ್ದುಹೋಗಿರುತ್ತದೆ. ನಟ್ಟನಡುವಿನ ಹಾಳೆಯಂತೂ ಗೊತ್ತೇ ಆಗದಂತೆ ಕಳಚಿಕೊಳ್ಳುತ್ತದೆ.

ಜಾಹೀರಾತಿನ ಪುಟಗಳನ್ನು ಇನ್ನೂ ಹುಷಾರಾಗಿ ನೋಡಿ. ನಾನು ಒಮ್ಮೆ ಮುಖಪುಟಕ್ಕೆ ಮರುಳಾಗಿ ಒಂದು ಸಂಚಿಕೆ ತಂದೆ. ಒಳಗೆ ರೇಡಿಯೊ ಕಟ್ಟುವ ವಿಧಾನವಿತ್ತು. ಖುಷಿಯಿಂದ ಓದುತ್ತ ಹೋದರೆ ಪುಟದ ಮೂಲೆಯಲ್ಲಿ ಚೌಕಾಕಾರದ ತೂತು! ಹಿಂಬದಿಯ ಜಾಹೀರಾತಿನ ಕೂಪನ್ನನ್ನು ಯಾರೋ ಎಂದೋ ಕತ್ತರಿಸಿ ಅಂಚೆಗೆ ಹಾಕಿದ್ದರು. ಅದರ ಜೊತೆಗೆ ತಂತಿಯನ್ನು ಎಷ್ಟು ಸುತ್ತಬೇಕು ಎನ್ನುವ ಸಾಲೂ ಹೋಗಿತ್ತು.

ಗ್ರಂಥಾಲಯದ ದಪ್ಪ ರಟ್ಟಿನ ಸಂಪುಟಗಳು ಅಗ್ಗಕ್ಕೆ ಸಿಗುವುದೂ ಇದೇ ಕಾರಣಕ್ಕೆ. ಸಂಚಿಕೆಗಳನ್ನು ಸೇರಿಸಿ ಹೊಲಿಯುವಾಗ ಮುಖಪುಟ, ಜಾಹೀರಾತುಗಳನ್ನು ಕಿತ್ತು ಹಾಕುವ ರೂಢಿಯಿತ್ತು. ಓದುವವರಿಗೆ ಈ ಸಂಪುಟಗಳು ಸಾಕು. ಸಂಗ್ರಹಿಸುವವರಿಗೆ ಬೇಕಾದದ್ದೇ ಅಲ್ಲಿರುವುದಿಲ್ಲ.

ಕಾಗದ ಮತ್ತು ಪಿನ್ನು

ಅಗ್ಗದ ಕಾಗದದಲ್ಲಿ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಅಂಟಿಸಿ ಹಿಡಿಯುವ ವಸ್ತು, ಉಳಿದಿರುತ್ತದೆ. ಗಾಳಿ, ಬೆಳಕು ತಾಗಿ ಅದು ಹಳದಿಯಾಗುತ್ತದೆ. ಅಂಚು ಕಂದಾಗಿದ್ದರೆ ಚಿಂತೆಯಿಲ್ಲ, ವಯಸ್ಸಿನ ಲಕ್ಷಣ. ಆದರೆ ಮುಟ್ಟಿದರೆ ತರಗೆಲೆಯಂತೆ ಉದುರಿದರೆ ಬಿಟ್ಟುಬಿಡಿ. ನುಣುಪು ಕಾಗದದ ಸಮಸ್ಯೆ ಬೇರೆ. ಒಮ್ಮೆ ನೆನೆದು ಒಣಗಿದರೆ ಪುಟಗಳು ಒಂದಕ್ಕೊಂದು ಕಚ್ಚಿಕೊಂಡು ಇಟ್ಟಿಗೆಯಾಗುತ್ತವೆ. ಅವನ್ನು ಬಿಡಿಸಲು ಹೋದರೆ ಅಕ್ಷರಗಳೇ ಎದ್ದು ಬರುತ್ತವೆ. ಪಿನ್ನಿನ ಸುತ್ತ ತುಕ್ಕಿನ ಕಲೆ ಇದೆಯೇ ನೋಡಿ. ಮೂಗು ಹತ್ತಿರ ಒಯ್ದು ಬೂಷ್ಟಿನ ವಾಸನೆಯೂ ನೋಡಿ.

ಅಸಲಿಯೋ ನಕಲೋ?

ಭೂತಗನ್ನಡಿ ಹಿಡಿಯಿರಿ. ಹಳೆಯ ಮುದ್ರಣದ ಫೋಟೊಗಳಲ್ಲಿ ಚುಕ್ಕಿಗಳು ಸಾಲಾಗಿ ಕೂತಿರುತ್ತವೆ. ಇಂಕ್‌ಜೆಟ್ ಪ್ರತಿಯಲ್ಲಿ ಎರಚಿದಂತೆ ಇರುತ್ತವೆ. ಇನ್ನೊಂದು ಉಪಾಯ ನೇರಳಾತೀತ ಟಾರ್ಚ್. ಕಾಗದವನ್ನು ಬೆಳ್ಳಗೆ ಕಾಣಿಸುವ ಹೊಳಪು ರಾಸಾಯನಿಕಗಳು ಬಳಕೆಗೆ ಬಂದದ್ದು ಸುಮಾರು 1950ರಿಂದೀಚೆಗೆ. 1920ರದ್ದು ಎನ್ನುವ ಪುಟ ಈ ಟಾರ್ಚಿನ ಬೆಳಕಿಗೆ ನೀಲಿಯಾಗಿ ಫಳಫಳ ಹೊಳೆದರೆ ಅನುಮಾನ ಪಡಿ. ಹೊಳೆಯದಿದ್ದರೆ ಅಸಲಿ ಅಂತ ಮಾತ್ರ ತೀರ್ಮಾನಿಸಬೇಡಿ.

ತಂದ ಮೇಲೆ

ಹರಿದ ಕಡೆ ಅಂಟುಟೇಪು ಹಚ್ಚಬೇಡಿ. ಕಾಲ ಕಳೆದಂತೆ ಟೇಪು ಉದುರುತ್ತದೆ, ಅಂಟಿನ ಹಳದಿ ಕಲೆ ಉಳಿಯುತ್ತದೆ. ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಪಿವಿಸಿ ಪ್ಲಾಸ್ಟಿಕ್ ಚೀಲದ ಬದಲು ಪಾಲಿಯೆಸ್ಟರ್ ಹೊದಿಕೆ, ಬೆನ್ನಿಗೆ ಆಮ್ಲರಹಿತ ರಟ್ಟು. ಬಿಸಿಲು ಬೀಳದ, ಒಣ ಜಾಗ. ಗುರುತು ಬರೆಯಲೇಬೇಕಾದರೆ ಪೆನ್ಸಿಲ್ಲಿನಲ್ಲಿ, ಅದೂ ಹೊದಿಕೆಯೊಳಗೆ ಇಡುವ ಬೇರೆ ಚೀಟಿಯ ಮೇಲೆ.

ಮುಖಪುಟದ ಮೇಲೆ ಹಳೆಯ ಚಂದಾದಾರರ ವಿಳಾಸದ ಚೀಟಿ ಅಂಟಿದ್ದರೆ? ಅದು ಬೆಲೆ ಕೊಂಚ ಇಳಿಸುತ್ತದೆ ನಿಜ. ಆದರೂ ಕೀಳಬೇಡಿ. ಚೀಟಿಯ ಜೊತೆ ಹಾರುವ ಕಾರಿನ ಒಂದು ರೆಕ್ಕೆಯೂ ಎದ್ದು ಬರುತ್ತದೆ.