ಕೂದಲೆಳೆ ಫರಕಿಗೆ 14 ಸಾವಿರ

"ಸರ, 4.50 ಆದರೇನು, 4.52 ಆದರೇನು? ಕೂದಲಿಗಿಂತ ಸಣ್ಣ ಫರಕ್ ಅದ. ಮೊದಲ ಗುರಿ ನೆಟ್ಟಗ ಇಡ್ರಿ." ಏರ್ ರೈಫಲ್ಲಿಗೆ ಹಾಕುವ ಪೆಲೆಟ್ಟಿನ (ಸೀಸದ ಪುಟ್ಟ ಗುಂಡು) ತಲೆ ಎಷ್ಟು ಮಿಲಿಮೀಟರ್ ಇರಬೇಕು ಅಂತ ಕೇಳಿದಾಗಲೆಲ್ಲ ಕಲಬುರಗಿಯ ನನ್ನ ಶೂಟಿಂಗ್ ಗೆಳೆಯರು ಎರಡು ವರ್ಷ ಇದನ್ನೇ ಹೇಳಿದರು. ಈಗ ನನ್ನ ಹಳೇ ಪಿಸಿಪಿ ರೈಫಲ್ (ಮೊದಲೇ ತುಂಬಿಟ್ಟ ಗಾಳಿಯ ಒತ್ತಡದಿಂದ ಹೊಡೆಯುವುದು) 10 ಮೀಟರಿನಿಂದ ಹತ್ತು ಪೆಲೆಟ್‌ಗಳನ್ನು ಸುಮಾರು ಆರೂವರೆ ಮಿಲಿಮೀಟರ್ ತೂತಿನಲ್ಲಿ ಇಳಿಸುತ್ತದೆ. ಒಂದು ಪೆಲೆಟ್ಟೇ ನಾಲ್ಕೂವರೆ ಇದೆ, ಅಲ್ವಾ? ಲೆಕ್ಕ ನೀವೇ ಹಾಕಿ.

ಮೊದಲು ಇದೇ ರೈಫಲ್ 11–12 ಮಿಲಿಮೀಟರ್ ಹರಡುತ್ತಿತ್ತು. ತಪ್ಪು ನನ್ನದೇ ಅಂದುಕೊಂಡು ಹಿಡಿತ, ಉಸಿರು, ಟ್ರಿಗರ್ ಅಂತ ಒಂದು ವರ್ಷ ಒದ್ದಾಡಿದೆ. ಆಮೇಲೆ ತೊಗರಿ ಇಡುತ್ತಿದ್ದ ನಮ್ಮ ಹಳೇ ಗೋದಾಮಿನಲ್ಲಿ ರೈಫಲನ್ನು ವೈಸ್‌ಗೆ (ಬಿಗಿಯಾಗಿ ಹಿಡಿಯುವ ಕಬ್ಬಿಣದ ಇಕ್ಕಳ) ಕಚ್ಚಿಸಿದೆ. ಮೇಜು ಅಲುಗಾಡಿತು. ಮೇಜು ತೆಗೆದು ದಪ್ಪ ಶಹಾಬಾದ್ ಕಲ್ಲಿನ ಮೇಲೆ ವೈಸ್ ಕೂರಿಸಿದೆ. ಆಗಲೂ 11 ಮಿಲಿಮೀಟರ್! ಕೈ ತಪ್ಪಲ್ಲ ಅಂತ ಗೊತ್ತಾಗಿ ಖುಷಿಯೇ ಆಯಿತು. ಸ್ಪ್ರಿಂಗ್ ಗನ್ ಇರುವವರು ಮಾತ್ರ ಹೀಗೆ ಮಾಡಬೇಡಿ. ಬಿಗಿಯಾಗಿ ಕಚ್ಚಿಸಿದರೆ ಅದರ ಒದೆತವೇ ಬದಲಾಗಿ ಗ್ರೂಪ್, ಅಂದರೆ ತೂತುಗಳ ಗುಂಪು, ಇನ್ನೂ ಒಡೆಯುತ್ತದೆ. ಎರಡು ಡಬ್ಬಿ ಸುಟ್ಟು ಕಲಿತಿದ್ದೇನೆ.

ಮೊದಲ ಅನುಮಾನ ತೂಕದ ಮೇಲೆ. ಸರಾಫ್ ಬಜಾರಿನ ಪರಿಚಯದ ಪತ್ತಾರರ ಹತ್ತಿರ ಕೂತು ಮಿಲಿಗ್ರಾಂ ತನಕ ತೂಗಿದೆ. "ಬಂಗಾರದ ತಕ್ಕಡಿಯೊಳಗ ಸೀಸ ತೂಗ್ತೀರಲ್ರೀ!" ಅಂದರು. ನಾಚಿಕೆಯಾಗಿ ಎರಡು ಸಾವಿರ ಕೊಟ್ಟು ನನ್ನದೇ ಒಂದು ತಕ್ಕಡಿ ತಂದೆ. ಸಾವಿರದ ಐನೂರು ಪೆಲೆಟ್ ತೂಗಿ ಗುಡ್ಡೆ ಮಾಡಿದೆ. ಹೆಚ್ಚಿನವು 0.53 ಗ್ರಾಂ ಆಸುಪಾಸು. ಇಷ್ಟು ರಾತ್ರಿ ನಿದ್ದೆಗೆಟ್ಟಿದ್ದಕ್ಕೆ 11 ಇದ್ದದ್ದು ಹತ್ತೂವರೆ ಆಯಿತು, ಅಷ್ಟೇ. 10 ಮೀಟರಿನಲ್ಲಿ ಒಂದೆರಡು ಪರ್ಸೆಂಟ್ ತೂಕದ ಫರಕ್ ಏನೂ ಮಾಡಲ್ಲ.

ಆಮೇಲೆ ಪೆಲೆಟ್ ತಲೆಯ ಅಳತೆ. ನನ್ನ ವರ್ನಿಯರ್ ಓದುವುದೇ 0.02ರ ಲೆಕ್ಕದಲ್ಲಿ, ನಾನು ಹುಡುಕುತ್ತಿದ್ದ ಫರಕೂ ಅಷ್ಟೇ! ಲೇತ್ ಅಂಗಡಿಯಿಂದ ಮೈಕ್ರೋಮೀಟರ್ ತಂದೆ. ಸೀಸ ಮೆತ್ತಗೆ, ತುಸು ಒತ್ತಿದರೂ ಚಪ್ಪಟೆ. ಒಂದೇ ಪೆಲೆಟ್ ಮೂರು ಸಲ ಮೂರು ಅಳತೆ ತೋರಿಸಿತು. ಅಳೆಯುವುದನ್ನೇ ಬಿಟ್ಟು, ಡಬ್ಬಿಯ ಮೇಲಿನ ನಂಬರ್ ನಂಬಿ ಹೊಡೆದು ನೋಡೋಣ ಅಂತ ತೀರ್ಮಾನಿಸಿದೆ.

ನಡುವೆ ಒಂದು ಹುಚ್ಚಾಟವೂ ಆಯಿತು. ಪೆಲೆಟ್‌ಗೆ ತುಸು ಎಣ್ಣೆ ಸವರಿದರೆ ಒಳ್ಳೆಯದು ಅಂತ ಕೇಳಿದ್ದೆ. ಮನೆಯಲ್ಲಿ ಕುಸುಬಿ ಎಣ್ಣೆ ಇತ್ತು, ಸವರಿದೆ. ಅದು ಗಾಳಿಗೆ ಒಣಗಿ ಬಣ್ಣದ ಹಾಗೆ ಹಿಡಿಯುವ ಎಣ್ಣೆ. ಮೇಲೆ ನಮ್ಮ ಮೇ ತಿಂಗಳ ಬಿಸಿಲು. ಹದಿನೈದು ದಿನಕ್ಕೆ ಡಬ್ಬಿಯೊಳಗೆ ಪೆಲೆಟ್ಟೆಲ್ಲ ಅಂಟು ಉಂಡೆ, ಬ್ಯಾರೆಲ್ಲಿನಲ್ಲೂ ಅಂಟು. ಈಗ ಬೇರೆಯದು ಹಾಕುತ್ತೇನೆ. ಯಾವುದು, ಎಷ್ಟು ಹನಿ ಅನ್ನುವುದು ನನ್ನ ಹತ್ತಿರವೇ ಇರಲಿ.

ಕೊನೆಗೆ 4.49ರಿಂದ 4.52ರ ತನಕ ಇರುವ ಸ್ಯಾಂಪಲ್ ಪ್ಯಾಕ್ ತರಿಸಿದೆ, ಸಾವಿರ ರೂಪಾಯಿ ಬಿತ್ತು. ಅಳತೆ ಬದಲಾದಾಗಲೆಲ್ಲ ಇಪ್ಪತ್ತು ಪೆಲೆಟ್ ಸುಮ್ನೆ ಹೊಡೆದು ಬ್ಯಾರೆಲ್ ಪಳಗಿಸಿ, ಆಮೇಲೆ ಹತ್ತರ ಗ್ರೂಪ್. 4.49 ಹತ್ತು ಮಿಲಿಮೀಟರ್. 4.50 ಎಂಟು. ದಾರಿ ಸಿಕ್ಕಿತು ಅಂದರೆ 4.51 ಮತ್ತೆ ಒಂಬತ್ತಕ್ಕೆ ಹೋಯಿತು. ಅಲ್ಲೇ ಬಿಟ್ಟಿದ್ದರೆ ಕೆಟ್ಟಿದ್ದೆ. 4.52 ಒಂದೇ ತೂತು ಕೊರೆಯಿತು. ನಂಬದೆ ಮರುದಿನ ಮತ್ತೆ ಹೊಡೆದೆ. ಅದೇ ತೂತು.

ಕುಣಿದಾಡಿ 4.52ರ ಇನ್ನೊಂದು ಡಬ್ಬಿ ತರಿಸಿದೆ. ಅದೇ ಕಂಪನಿ, ಅದೇ ನಂಬರ್. ಗ್ರೂಪ್ ಮಾತ್ರ ಒಂಬತ್ತು! ಡಬ್ಬಿ ತಿರುಗಿಸಿ ನೋಡಿದರೆ ಲಾಟ್ ನಂಬರ್ (ಒಂದೇ ಸಲ ತಯಾರಾದ ಸರಕಿನ ಗುರುತು) ಬೇರೆ. ಹಳೇ ಲಾಟಿನದೇ ಬೇಕು ಅಂತ ಅಂಗಡಿಯವರ ಬೆನ್ನು ಬಿದ್ದು, ಸಿಕ್ಕ ಏಳು ಡಬ್ಬಿಯನ್ನೂ ಎತ್ತಿಕೊಂಡೆ. ಒಂದಕ್ಕೆ ಸಾವಿರದ ಆರುನೂರು. ಮನೆಯವಳು ಲೆಕ್ಕ ಕೂಡಿಸಿ, "ಸೀಸಕ್ಕ ಹದಿನಾಲ್ಕು ಸಾವಿರ? ಅಷ್ಟು ರೊಕ್ಕಕ್ಕ ಬೆಳ್ಳಿ ಬರ್ತಿತ್ತಲ್ರೀ" ಅಂದಳು. ಉತ್ತರ ಇರಲಿಲ್ಲ.

ಅಷ್ಟಾದ ಮೇಲೂ ಒಂದು ಡಬ್ಬಿ ಕೆಡಿಸಿದೆ. ಸ್ಕೂಟರ್ ಡಿಕ್ಕಿಯಲ್ಲಿ ಹಾಕಿ ಬೀದರ್‌ಗೆ ಹೋಗಿ ಬಂದೆ. ಕುಲುಕಾಟಕ್ಕೆ ಎಷ್ಟೋ ಪೆಲೆಟ್‌ಗಳ ಸ್ಕರ್ಟ್ (ಹಿಂಬದಿಯ ತೆಳು ಅಂಚು) ನೆಗ್ಗಿತ್ತು. ಈಗ ಡಬ್ಬಿಗೆ ಬಟ್ಟೆ ಸುತ್ತಿ ಬಸ್ಸಿನಲ್ಲಿ ತೊಡೆ ಮೇಲೇ ಇಟ್ಟುಕೊಳ್ಳುತ್ತೇನೆ. ಹೊಡೆಯುವ ಮುಂಚೆ ಪೇಪರ್ ಮೇಲೆ ಹರಡಿ ಆರಿಸುತ್ತೇನೆ, ಐನೂರಕ್ಕೆ ಇಪ್ಪತ್ತೋ ಇಪ್ಪತ್ತೈದೋ ತೆಗೆದುಹಾಕುವಂಥವು ಸಿಗುತ್ತವೆ. ಉಳಿದದ್ದು ಬ್ಯಾರೆಲ್‌ಗೆ ಒತ್ತುವಾಗ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಅದನ್ನು ಬರೆದು ಕಲಿಸಲು ಬರಲ್ಲ. ಆರಿಸುವಾಗ ಮಿರ್ಚಿ ಭಜಿ ತಿನ್ನಬೇಡಿ, ಕೈಯೆಲ್ಲ ಸೀಸ.

ಕೂದಲಿನ ಮಾತು ಆಡಿದ ಗೆಳೆಯನೇ ಹೋದ ಭಾನುವಾರ ರೈಫಲ್ ಹಿಡಿದು ಬಂದ. ನನ್ನದೇ ಮಾಡೆಲ್. "ನಿಮ್ಮ ಲಾಟಿಂದು ಎರಡು ಡಬ್ಬಿ ಕೊಡ್ರಿ" ಅಂದ. ಮೂವತ್ತು ಪೆಲೆಟ್ ಎಣಿಸಿ ಕೊಟ್ಟು ವೈಸ್‌ಗೆ ಕಚ್ಚಿಸಿದೆ. ಅವನ ಬ್ಯಾರೆಲ್‌ಗೆ ನನ್ನ 4.52 ಒಗ್ಗಲೇ ಇಲ್ಲ, ಹತ್ತು ಮಿಲಿಮೀಟರ್ ಹರಡಿತು. ಅವನ ಜೇಬಿನಲ್ಲಿದ್ದ ಆರುನೂರು ರೂಪಾಯಿ ಡಬ್ಬಿಯ 4.50 ಏಳಕ್ಕೆ ಕೂತಿತು. ಚಹಾದ ದುಡ್ಡು ಅವನ ಕೈಯಲ್ಲೇ ಕೊಡಿಸಿದೆ.