ಕೊಡಗಿನಲ್ಲಿ ಆಫೀಸ್ ಮೀಟಿಂಗ್ ಇಡುವವರಿಗೆ

ಮೊದಲೆಲ್ಲ ಇಲ್ಲಿ ಐವತ್ತು ಜನರ ಮೀಟಿಂಗ್ ಅಂದರೆ ಮೂರ್ನಾಲ್ಕು ಹೋಂಸ್ಟೇಗಳಿಗೆ ಜನರನ್ನು ಹಂಚುವುದೇ ದೊಡ್ಡ ಕೆಲಸವಾಗಿತ್ತು. ಈಗ ತಾಜ್, ಕ್ಲಬ್ ಮಹೀಂದ್ರಾದಂಥ ದೊಡ್ಡ ಹೆಸರುಗಳೂ ಇವೆ. ಆದರೂ ಸುಮ್ನೆ ಫೋಟೋ ನೋಡಿ ಬುಕ್ ಮಾಡಬೇಡಿ.

ಮೊದಲು ದಾರಿ ಕೇಳಿ. ಜಿಲ್ಲೆಯಲ್ಲಿ ರೈಲು ನಿಲ್ದಾಣವಿಲ್ಲ, ಬರುವವರೆಲ್ಲ ರಸ್ತೆಯಲ್ಲೇ ಬರಬೇಕು. ತೋಟದೊಳಗಿನ ಎಷ್ಟೋ ರೆಸಾರ್ಟ್‌ಗಳ ಗೇಟಿನ ತನಕ ದೊಡ್ಡ ಬಸ್ಸು ಹೋಗುವುದಿಲ್ಲ. ಟೆಂಪೋ ಟ್ರಾವೆಲರ್ ಹಿಡಿಯಬೇಕು, ಕೆಲವು ಕಡೆ ಜೀಪೇ ಗತಿ. ಆ ಖರ್ಚು ಯಾರದು? ಡ್ರೈವರ್‌ಗಳಿಗೆ ಮಲಗಲು ಜಾಗ, ಊಟ ಇದೆಯಾ? ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಹಾಲ್‌ನ ನಡುವೆ ಕಂಬ ಇದೆಯಾ, ಕರೆಂಟ್ ಹೋದರೆ ಜನರೇಟರ್‌ನಲ್ಲಿ ಪ್ರೊಜೆಕ್ಟರ್ ಕೂಡ ನಡೆಯುತ್ತಾ ಅಂತ ವಿಚಾರಿಸಿ. ನಿಮ್ಮ ಸಿಮ್‌ಗೆ ಸಿಗ್ನಲ್ ಬರುತ್ತಾ ಅಂತ ಹೋಗಿಯೇ ನೋಡಬೇಕು.

ರೇಟ್ ಕೇಳುವಾಗ ತೆರಿಗೆ ಸೇರಿಸಿಯೇ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5%, ಅದನ್ನು ದಾಟಿದರೆ 18%. ಈ 7,500ರ ಗಡಿಯನ್ನು ಸ್ವಲ್ಪ ದಾಟಿದ ರೂಮುಗಳಲ್ಲಿ ಚೌಕಾಸಿ ಮಾಡಿ ಕೆಳಗಿಳಿಸಿದರೆ ಲಾಭ ಜಾಸ್ತಿ, ಅಲ್ವಾ?

ದಿನ ಸೋಮವಾರದಿಂದ ಗುರುವಾರದೊಳಗೆ ಇರಲಿ. ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ಹತ್ತು ದೇವಸ್ಥಾನಗಳ ದಶಮಂಟಪಗಳ ಮೆರವಣಿಗೆ, ಊರು ತುಂಬ ಜನ, ಆ ಸಮಯ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೇಟ್ ಇಳಿಯುತ್ತದೆ ನಿಜ. ಆದರೆ ಮಳೆಗೆ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಮುಂಗಡ ವಾಪಸ್ ಕೊಡುತ್ತಾರಾ, ಅದನ್ನು ಬರೆಸಿಕೊಂಡೇ ದುಡ್ಡು ಕಟ್ಟಿ.