ಮಳೆಗಾಲದಲ್ಲಿ ಕಲಿತ ಹಿಟ್ ಕನ್ಫರ್ಮ್

ಇಬ್ಬರು ಹೊಡೆದಾಡುವ ವಿಡಿಯೋ ಗೇಮ್ ಸ್ಟ್ರೀಟ್ ಫೈಟರ್ 6 ಬಂದದ್ದು 2023ರ ಜೂನ್‌ನಲ್ಲಿ. ಅವತ್ತಿನಿಂದ ಅದರಲ್ಲಿ ನನ್ನ ಪಾತ್ರ ರ್ಯೂ. ಒಂದು ವರ್ಷ ಆಡಿದ ಮೇಲೂ ಅದೇ ರಾಗ: ಹತ್ತಿರ ಹೋಗು, ಮೂರು ಲೈಟ್ (ಹಗುರ ಏಟು) ಒತ್ತು, ಕೊನೆಗೆ ಶೋರ್ಯುಕೆನ್, ಅಂದರೆ ಮೇಲಕ್ಕೆ ಹಾರಿ ಹೊಡೆಯುವ ಗುದ್ದು. ತಾಗಿದರೆ ಚಂದ. ಬ್ಲಾಕ್ ಆದರೆ ನಾನು ಗಾಳಿಯಲ್ಲಿ, ಎದುರಿನವ ಕೆಳಗೆ ಆರಾಮಾಗಿ ಕಾಯುತ್ತಿದ್ದ.

ಸುರತ್ಕಲ್‌ನ ಗೆಳೆಯ ಒಂದು ದಿನ ಹೇಳಿಯೇಬಿಟ್ಟ: "ಮಾರಾಯ, ತಾಗಿತಾ ಇಲ್ವಾ ಅಂತ ನೀನು ನೋಡುವುದೇ ಇಲ್ಲ. ಮೂರನೇದಾದ ಮೇಲೆ ಶೋರ್ಯುಕೆನ್ ಬರ್ತದೆ ಅಂತ ನನಗೆ ಗೊತ್ತುಂಟು."

ತಾಗಿತಾ ಅಂತ ಖಾತ್ರಿ ಮಾಡಿಕೊಂಡು ಮುಂದಿನದನ್ನು ಒತ್ತುವುದಕ್ಕೇ ಹಿಟ್ ಕನ್ಫರ್ಮ್ ಅನ್ನುವುದು. ನಿಜ ಹೇಳಬೇಕೆಂದರೆ ನಾನು ಕಿವಿ ನಂಬಿದ್ದೆ. ತಾಗಿದ ಸದ್ದೇ ಬೇರೆ, ಬ್ಲಾಕ್ ಆದ ಸದ್ದೇ ಬೇರೆ. ಆದರೆ ಉಡುಪಿಯ ನಮ್ಮ ಮನೆಯ ಮೇಲಿನ ಕೋಣೆಗೆ ಶೀಟಿನ ಮಾಡು. ಆಟಿ ತಿಂಗಳ ಮಳೆ ಹೊಡೆಯುವಾಗ ಹೆಡ್‌ಫೋನ್ ಹಾಕಿದರೂ ಏನೂ ಕೇಳುವುದಿಲ್ಲ. ಕಣ್ಣೇ ಗತಿ.

ಟ್ರೈನಿಂಗ್ ಮೋಡ್‌ನಲ್ಲಿ ಡಮ್ಮಿಯ (ಅಭ್ಯಾಸಕ್ಕೆ ನಿಲ್ಲುವ ಎದುರಾಳಿ) ಗಾರ್ಡನ್ನು ರ್ಯಾಂಡಮ್‌ಗೆ ಹಾಕಿದೆ, ಒಮ್ಮೆ ಬ್ಲಾಕ್ ಮಾಡುತ್ತದೆ, ಒಮ್ಮೆ ಇಲ್ಲ. ಮೊದಲ ದಿನ 100ರಲ್ಲಿ 57 ಸರಿ. ನಾಣ್ಯ ಹಾರಿಸಿದರೂ ಸುಮಾರು ಅಷ್ಟೇ ಬರುತ್ತಿತ್ತು! ಆಮೇಲೆ ಗೊತ್ತಾಯಿತು, ನಾನು ನೋಡುತ್ತಿದ್ದದ್ದು ರ್ಯೂನ ಮುಷ್ಟಿಯನ್ನು. ನೋಡಬೇಕಾದದ್ದು ಎದುರಿನವನ ತಲೆ, ಭುಜ. ತಾಗಿದರೆ ತಲೆ ಹಿಂದಕ್ಕೆ ಹೋಗುತ್ತದೆ, ಬ್ಲಾಕ್ ಆದರೆ ಕೈ ಅಡ್ಡ ಬರುತ್ತದೆ. ಆಟ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ. ಕಣ್ಣಿಗೆ ಕಂಡು ಕೈ ಆಡುವುದಕ್ಕೆ ಕಾಲು ಸೆಕೆಂಡ್, ಅಂದರೆ 15 ಫ್ರೇಮ್ ಬೇಕು. ಒಂದೇ ಲೈಟ್‌ನಲ್ಲಿ ಅಷ್ಟು ಸಮಯ ಸಿಗುವುದಿಲ್ಲ, ಮೂರರಲ್ಲಿ ಸಿಗುತ್ತದೆ. ಹಾಗಾಗಿ ಮೊದಲನೆಯದನ್ನೇ ನೋಡಿ, ಮೂರನೆಯದು ಮುಗಿಯುವುದರೊಳಗೆ ತೀರ್ಮಾನ ಆಗಿರಬೇಕು.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಮೊದಲು ಶೋರ್ಯುಕೆನ್ ಖಾಯಂ, ಬ್ಲಾಕ್ ಕಂಡರೆ ನಿಲ್ಲಿಸಲು ನೋಡುತ್ತಿದ್ದೆ. ಹೊರಟ ಕೈಯನ್ನು ಹಿಡಿಯುವುದು ಕಷ್ಟ. ಈಗ ಉಲ್ಟಾ: ಮೂರಕ್ಕೆ ನಿಲ್ಲುವುದೇ ಖಾಯಂ, ತಾಗಿದ್ದು ಕಂಡರೆ ಮಾತ್ರ ಶೋರ್ಯುಕೆನ್. ತಪ್ಪಿದರೆ ಸ್ವಲ್ಪ ಡ್ಯಾಮೇಜ್ ಹೋಗುತ್ತದೆ, ಅಷ್ಟೇ. ಪನಿಶ್ ಕೌಂಟರ್ (ಶೋರ್ಯುಕೆನ್ ಬ್ಲಾಕ್ ಆದಾಗ ತಿರುಗಿ ಬೀಳುವ ಜೋರು ಏಟು) ತಿನ್ನುವುದಕ್ಕಿಂತ ವಾಸಿ ಅಲ್ವಾ?

ಬ್ಲಾಕ್ ಆದ ಮೇಲೆ ಏನು ಅನ್ನುವ ಪ್ರಶ್ನೆಯೂ ಆಗಲೇ ಹುಟ್ಟಿತು. ಸುಮ್ನೆ ಮುಂದೆ ಹೋಗಿ ಥ್ರೋ (ಬ್ಲಾಕ್ ಮಾಡಲಾಗದ, ಹಿಡಿದು ಎಸೆಯುವ ಪಟ್ಟು) ಹಾಕಿದರೆ ನಡೆಯುವುದಿಲ್ಲ. ಥ್ರೋ ತಾಗಲು 5 ಫ್ರೇಮ್ ಬೇಕು, ಅವನ ಜ್ಯಾಬ್‌ಗೆ (ಚುರುಕು ಗುದ್ದು) 4. ಮೊದಲು ಅವನಿಗೆ ಬಟನ್ ಒತ್ತುವ ಹೆದರಿಕೆ ಹುಟ್ಟಿಸಬೇಕು. ಅದಕ್ಕೆ ಮೂರನೇ ಲೈಟನ್ನು ಚೂರು ತಡ ಮಾಡುತ್ತೇನೆ. ನಡುವೆ ಒತ್ತಿದವನಿಗೆ ಕೌಂಟರ್, ಅಂದರೆ ಏಟು ಇನ್ನೂ ಜೋರು. ಎರಡು ಸಲ ತಿಂದವ ಕೈ ಕಟ್ಟಿ ಕೂರುತ್ತಾನೆ. ಆಗ ಥ್ರೋ. ಥ್ರೋ ಬಿಡಿಸಿಕೊಳ್ಳಲು ಶುರು ಮಾಡಿದರೆ, ಹತ್ತಿರ ಹೋದ ಹಾಗೆ ಮಾಡಿ ಒಂದು ಹೆಜ್ಜೆ ಹಿಂದೆ. ಅವನ ಥ್ರೋ ಖಾಲಿ ಹೋಗುತ್ತದೆ, ನನ್ನ ಹೆವಿ ಪಂಚ್ ಬೀಳುತ್ತದೆ.

ಕ್ರೌಚಿಂಗ್ ಮೀಡಿಯಮ್ ಕಿಕ್‌ನಿಂದ (ಕೂತು ಒದೆಯುವುದು) ಡ್ರೈವ್ ರಷ್ (ಥಟ್ಟನೆ ಮುಂದೆ ನುಗ್ಗುವುದು) ಮಾಡುವ ಚಟವನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಡ್ರೈವ್ ಗೇಜ್‌ನ 6 ಬಾರ್‌ನಲ್ಲಿ ಒಂದೇ ಏಟಿಗೆ 3 ಖಾಲಿ. ರಷ್ ಆದ ಮೇಲಿನ ಏಟು ಬ್ಲಾಕ್ ಆದರೂ 4 ಫ್ರೇಮ್ ಹೆಚ್ಚುವರಿ ಲಾಭ ಸಿಗುವುದು ಹೌದು, ಆದರೆ ನನ್ನಂಥವನು ಬರ್ನ್‌ಔಟ್ (ಬಾರ್ ಎಲ್ಲ ಖಾಲಿ) ಆಗುವುದೂ ಅದರಿಂದಲೇ.

ಈಗ 100ಕ್ಕೆ 85ರ ಆಸುಪಾಸು, ಕರೆಂಟ್ ಇದ್ದರೆ. ಮೊನ್ನೆ ಸುರತ್ಕಲ್‌ನಲ್ಲಿ ಗೋಳಿಬಜೆ ತಿಂದ ಎಣ್ಣೆ ಕೈಯಲ್ಲೇ ಕಂಟ್ರೋಲರ್ ಹಿಡಿದೆವು. ಮೂರು ಲೈಟ್ ಬ್ಲಾಕ್ ಮಾಡಿ ಅವನು ಶೋರ್ಯುಕೆನ್‌ಗೆ ಕಾದ. ಬರಲಿಲ್ಲ. ಇನ್ನೂ ಕಾಯುತ್ತಿರುವಾಗಲೇ ನಡೆದುಹೋಗಿ ಎತ್ತಿ ಎಸೆದೆ.